ಆ ಗೆರೆ ವೈರಸ್ಸಿನದಲ್ಲ

ಮಂಡ್ಯದಲ್ಲಿ ಎಚ್‌ಐವಿ ಆಪ್ತಸಮಾಲೋಚಕಿಯಾಗಿರುವ ನಾನು ರಿಸಲ್ಟ್ ಹೇಳುವ ಕ್ರಮವನ್ನು ಬದಲಾಯಿಸಿಕೊಂಡಿದ್ದು ಒಬ್ಬ ಹೆಣ್ಣುಮಗಳ ದೆಸೆಯಿಂದ. ಆರು ವರ್ಷ ಒಂದು ದಿನವೂ ತಪ್ಪದೆ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ನುಂಗಿದವರು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಅಳೆಯುವ ವೈರಲ್ ಲೋಡ್ ರಿಪೋರ್ಟಿನಲ್ಲಿ ವೈರಸ್ ಪತ್ತೆಯಾಗಿರಲಿಲ್ಲ. ಕಾಯಿಲೆ ಹೋಯಿತೇನೋ ಅಂತ ಎಲ್ಲೋ ಒಂದು ಲ್ಯಾಬಿನಲ್ಲಿ ಎಚ್‌ಐವಿ ಟೆಸ್ಟಿಗೆ ರಕ್ತ ಕೊಟ್ಟರೆ ಮತ್ತೆ ಪಾಸಿಟಿವ್. ಹನ್ನೊಂದು ದಿನ ಮಾತ್ರೆ ಮುಟ್ಟಲೇ ಇಲ್ಲ.

"ಇಷ್ಟ್ ವರ್ಸ ತಿಂದಿದ್ದೆಲ್ಲಾ ನೀರ್‌ಪಾಲಾಯ್ತಲ್ಲ ಮೇಡಂ" ಅಂತ ಎದುರು ಕೂತು ಅತ್ತರು.

ಆ ಟೆಸ್ಟ್ ಏನನ್ನು ನೋಡುತ್ತದೆ ಅಂತ ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅದು ನನ್ನ ತಪ್ಪು.

ಅವಧಿ ಮುಗಿದ ಒಂದು ಟೆಸ್ಟ್ ಕಿಟ್ ತಂದು ಮುಂದಿಟ್ಟೆ. "ಇಲ್ಲಿ ಮೂಡೋ ಗೆರೆ ವೈರಸ್ಸಿಂದಲ್ಲ ಕಣಮ್ಮ, ಅದರ ವಿರುದ್ಧ ನಿಮ್ಮ ಮೈಯೇ ಮಾಡಿಕೊಂಡಿರೋ ಆಂಟಿಬಾಡೀದು. ವೈರಸ್ ಎಷ್ಟೇ ಅಡಗಿದ್ರೂ ಆಂಟಿಬಾಡಿ ಇದ್ದೇ ಇರುತ್ತೆ."

"ಹಂಗಾರೆ ಅದು ವೈರಸ್‌ನ ಕೊಲ್ಲಬೇಕಲ್ವಾ?"

ಎಷ್ಟೋ ಓದಿಕೊಂಡವರೂ ಕೇಳದ ಪ್ರಶ್ನೆ. ಎಚ್‌ಐವಿ ತನ್ನ ನಕಲು ತೆಗೆಯುವಾಗ ಸದಾ ತಪ್ಪು ಮಾಡುತ್ತದೆ. ಆ ತಪ್ಪಿನಿಂದಲೇ ಅದರ ಹೊರರೂಪ ಬದಲಾಗುತ್ತದೆ. ಮೈ ಹಳೆಯ ರೂಪಕ್ಕೆ ಆಂಟಿಬಾಡಿ ಹೊಂದಿಸುವಷ್ಟರಲ್ಲಿ ವೈರಸ್ ಹೊಸ ರೂಪದಲ್ಲಿರುತ್ತದೆ. ಸಾಲದ್ದಕ್ಕೆ, ಅದರ ಮೇಲಿನ ಮುಳ್ಳುಗಳಿಗೆ ನಮ್ಮದೇ ಜೀವಕೋಶದ ಸಕ್ಕರೆ ಅಣುಗಳು ಮೆತ್ತಿರುತ್ತವೆ. ಹಾಗಾಗಿ ಮೈಗೆ ಅದು ತನ್ನದೇ ಅನ್ನಿಸುತ್ತದೆ.

"ನಾನು ಬೆಲ್ಲ ಬಿಡ್ಬೇಕಾ?" ಅಂದರು. ಆಲೆಮನೆ ಪಕ್ಕದ ಮನೆ ಅವರದು. ಊಟದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಬಿಡಿಸಿ ಹೇಳಬೇಕಾಯಿತು.

ಕೆಲವರ ಮೈ ಮಾತ್ರ ವರ್ಷಗಳ ಮೇಲೆ ಬಗೆಬಗೆಯ ಎಚ್‌ಐವಿಯನ್ನು ತಡೆಯಬಲ್ಲ ಆಂಟಿಬಾಡಿ ತಯಾರಿಸುತ್ತದೆ. 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ವಿಆರ್‌ಸಿ01 ಅನ್ನುವ ಆಂಟಿಬಾಡಿ ಅಂಥದ್ದು. ಆದರೆ ಅಷ್ಟರಲ್ಲಿ ವೈರಸ್ ಸಿಡಿ4 ಅನ್ನುವ ರೋಗನಿರೋಧಕ ಕೋಶಗಳ ಒಳಗೆ ಸೇರಿ ಮಲಗಿರುತ್ತದೆ. ಒಳಗಿರುವುದು ಆಂಟಿಬಾಡಿಯ ಕೈಗೆ ಸಿಗದು. ಮಾತ್ರೆ ಬಿಟ್ಟರೆ ಏಳುವುದು ಅದೇ.

ಈಗ ಮೊದಲ ದಿನವೇ ಹೇಳಿಬಿಡುತ್ತೇನೆ: ಈ ಟೆಸ್ಟ್ ಮುಂದೆಯೂ ಪಾಸಿಟಿವ್ ಬರುತ್ತದೆ, ಮಾತ್ರೆ ಕೆಲಸ ಮಾಡ್ತಿದೆಯಾ ಅಂತ ತಿಳಿಯಲು ವೈರಲ್ ಲೋಡ್ ನೋಡಿ. ಬಸುರಿಯರಿಗೆ ಇನ್ನೊಂದು ಮಾತು. ತಾಯಿಯ ಆಂಟಿಬಾಡಿ ಮಗುವಿಗೆ ದಾಟುವುದರಿಂದ 18 ತಿಂಗಳವರೆಗೆ ಮಗುವಿನ ಆಂಟಿಬಾಡಿ ಟೆಸ್ಟ್ ಪಾಸಿಟಿವ್ ಬಂದರೂ ಸೋಂಕಿದೆ ಅಂತಲ್ಲ. ಆರು ವಾರಕ್ಕೇ, ವೈರಸ್ಸನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿಸಬೇಕು.

ಆ ಹೆಣ್ಣುಮಗಳನ್ನು ಅವತ್ತೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ರಾತ್ರಿಯಿಂದಲೇ ಮಾತ್ರೆ ಶುರುಮಾಡಿದರು. ಆ ಕಿಟ್ಟನ್ನು ನಾನಿನ್ನೂ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೇನೆ, ತೋರಿಸೋಕೆ.