ಅಮೆರಿಕದಲ್ಲಿ ಸಂಬಳ ಜಪ್ತಿ: ಎಷ್ಟು ಹಿಡಿಯಬಹುದು, ತಡೆಯುವುದು ಹೇಗೆ?

ಸಂಬಳದ ದಿನ ನೋಡಿದರೆ ಬರಬೇಕಾದ ಹಣದಲ್ಲಿ ಕಾಲು ಭಾಗ ಇಲ್ಲ. ಕೇಳಿದರೆ ಪೇರೋಲ್‌ನವರು ಕೋರ್ಟ್ ಆದೇಶ ತೋರಿಸುತ್ತಾರೆ. ತೀರದ ಸಾಲಕ್ಕಾಗಿ ಹೀಗೆ ಸಂಬಳದಲ್ಲೇ ಹಣ ಹಿಡಿಯುವುದಕ್ಕೆ ಅಮೆರಿಕದಲ್ಲಿ ವೇಜ್ ಗಾರ್ನಿಶ್‌ಮೆಂಟ್ ಎನ್ನುತ್ತಾರೆ. ಹೆದರಿ ಸುಮ್ನೆ ಕೂತರೆ ಅದು ನಿಲ್ಲುವುದಿಲ್ಲ. ಕಾನೂನು ನಿಮಗಾಗಿ ಉಳಿಸಿಟ್ಟ ಪಾಲನ್ನೂ ಎಷ್ಟೋ ಸಲ ನೀವೇ ಕೇಳಿ ಪಡೆಯಬೇಕು.

ಮೊದಲು ನೋಟಿಸ್ ಪೂರ್ತಿ ಓದಿ. ಯಾವ ಸಾಲ ಅನ್ನುವುದೇ ಮುಖ್ಯ. ಕ್ರೆಡಿಟ್ ಕಾರ್ಡ್, ಆಸ್ಪತ್ರೆ ಬಿಲ್ ಇಂಥವಕ್ಕೆ ಸಾಲ ಕೊಟ್ಟವರು ಸಾಮಾನ್ಯವಾಗಿ ಕೇಸ್ ಹಾಕಿ ಗೆದ್ದಿರಬೇಕು. ತೆರಿಗೆ ಬಾಕಿಗೆ, ಕಟ್ಟದೆ ಬಿಟ್ಟ ಫೆಡರಲ್ (ಕೇಂದ್ರ ಸರ್ಕಾರದ) ಶಿಕ್ಷಣ ಸಾಲಕ್ಕೆ ಕೋರ್ಟ್ ತೀರ್ಪು ಬೇಕಿಲ್ಲ. ಕೇಸ್ ಆಗಿದ್ದೇ ಗೊತ್ತಿಲ್ಲ, ಸಮನ್ಸ್ ಕೈಗೆ ಬಂದಿರಲೇ ಇಲ್ಲ ಎಂದಾದರೆ ಆ ತೀರ್ಪನ್ನೇ ರದ್ದು ಮಾಡಿ ಎಂದು ಕೋರ್ಟನ್ನು ಕೇಳಬಹುದು.

ಆಮೇಲೆ ಪೇ ಸ್ಲಿಪ್ ಹಿಡಿದು ಲೆಕ್ಕ ಹಾಕಿ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ತೆರಿಗೆ, ಸೋಷಿಯಲ್ ಸೆಕ್ಯುರಿಟಿಯಂಥ ಕಡ್ಡಾಯ ಕಡಿತ ಕಳೆದು ಉಳಿದದ್ದೇ ಲೆಕ್ಕದ ಸಂಬಳ. ನೀವಾಗಿ ಒಪ್ಪಿದ ಆರೋಗ್ಯ ವಿಮೆಯ ಕಂತನ್ನು ಕಳೆಯುವ ಹಾಗಿಲ್ಲ. ಸಾಮಾನ್ಯ ಸಾಲಕ್ಕೆ 1968ರ ಫೆಡರಲ್ ಕಾನೂನು ಎರಡು ಮಿತಿ ಹಾಕಿದೆ. ಒಂದು, ಈ ಸಂಬಳದ ಶೇ 25. ಇನ್ನೊಂದು, ವಾರದ ಸಂಬಳದಲ್ಲಿ 217.50 ಡಾಲರ್ ಮೀರಿದ ಮೊತ್ತ. ಅಂದರೆ ಗಂಟೆಗೆ 7.25 ಡಾಲರ್ ಕನಿಷ್ಠ ಕೂಲಿಯ 30 ಪಟ್ಟು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಹಿಡಿಯಬಹುದು. ವಾರಕ್ಕೆ 250 ಡಾಲರ್ ಉಳಿಯುವವರಿಗೆ ಶೇ 25 ಅಂದರೆ 62.50. ಆದರೆ 217.50 ಮೀರಿದ್ದು 32.50 ಮಾತ್ರ, ಹಿಡಿಯಬಹುದಾದದ್ದೂ ಅಷ್ಟೇ. 217.50ರೊಳಗೆ ಇದ್ದರೆ ಒಂದು ಡಾಲರ್ ಕೂಡ ಮುಟ್ಟುವಂತಿಲ್ಲ.

ಮಕ್ಕಳ ಜೀವನಾಂಶಕ್ಕೆ ಮಿತಿ ಜಾಸ್ತಿ: ಶೇ 50ರಿಂದ 60, ಬಾಕಿ 12 ವಾರ ಮೀರಿದರೆ ಇನ್ನೂ ಶೇ 5. ಫೆಡರಲ್ ಶಿಕ್ಷಣ ಸಾಲಕ್ಕೆ ಶಿಕ್ಷಣ ಇಲಾಖೆ ಶೇ 15ರವರೆಗೆ ಹಿಡಿಯಬಹುದು. ನಿಮ್ಮ ರಾಜ್ಯದ ಕಾನೂನನ್ನೂ ನೋಡಿ. ಟೆಕ್ಸಸ್‌ನಲ್ಲಿ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಸಂಬಳ ಹಿಡಿಯುವಂತೆಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2023ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಸಾಲಕ್ಕೆ ಮಿತಿ ಶೇ 20.

ಮಿತಿ ಮೀರಿ ಹಿಡಿದಿದ್ದರೆ ಪೇರೋಲ್‌ಗೆ ಬರೆದು ಕೊಡಿ. ಮಿತಿಯೊಳಗೇ ಇದ್ದರೂ ಮನೆ ನಡೆಯದಿದ್ದರೆ, ವಿನಾಯಿತಿ ಕೊಡಿ ಎಂದು ಅರ್ಜಿ ಹಾಕಲು ಅನೇಕ ರಾಜ್ಯಗಳಲ್ಲಿ ಅವಕಾಶವಿದೆ. ಬಾಡಿಗೆ, ಔಷಧಿ, ಮಕ್ಕಳ ಖರ್ಚಿನ ರಸೀದಿ ಜೊತೆಗಿಡಿ. ಗಡುವು ನೋಟಿಸ್‌ನಲ್ಲೇ ಇರುತ್ತದೆ, ಕೆಲವೊಮ್ಮೆ ಕೆಲವೇ ದಿನ. ಅದು ತಪ್ಪಿದರೆ ತುಂಬಾ ಕಷ್ಟ, ಹಾಗಾಗಿ ನೋಟಿಸ್ ಬಂದ ದಿನವೇ ಹತ್ತಿರದ ಲೀಗಲ್ ಏಡ್ ಕಚೇರಿಗೆ ಫೋನ್ ಮಾಡಿ. ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರ ನೆರವು ಉಚಿತ.

ಸಾಲ ಕೊಟ್ಟವರ ಜೊತೆ ಕಂತಿನ ಮಾತುಕತೆ ಈಗಲೂ ಆಗಬಹುದು. ಒಪ್ಪಿದ್ದು ಬರಹದಲ್ಲಿ ಬರುವವರೆಗೆ ದುಡ್ಡು ಕಟ್ಟಬೇಡಿ. ದಿವಾಳಿ ಅರ್ಜಿ ಹಾಕಿದ ಕೂಡಲೇ ಹೆಚ್ಚಿನ ಜಪ್ತಿಗಳು ನಿಲ್ಲುತ್ತವೆ, ಜೀವನಾಂಶದ್ದು ನಿಲ್ಲುವುದಿಲ್ಲ. ಆದರೆ ಕ್ರೆಡಿಟ್ ದಾಖಲೆಯಲ್ಲಿ ದಿವಾಳಿ 10 ವರ್ಷದವರೆಗೆ ಉಳಿಯಬಹುದು. ನನ್ನ ಪ್ರಕಾರ ಇದು ಕೊನೆಯ ದಾರಿ.

ಕೆಲಸ ಹೋಗುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ, ಅಲ್ವಾ? ಒಂದು ಸಾಲದ ಜಪ್ತಿಗಾಗಿ ಕೆಲಸದಿಂದ ತೆಗೆಯುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಎರಡನೇ ಸಾಲಕ್ಕೂ ಜಪ್ತಿ ಬಂದರೆ ಈ ರಕ್ಷಣೆ ಸಿಗದು. ಬೇರೆ ಬಾಕಿ ಇದ್ದರೆ, ಆ ಸಾಲ ಕೊಟ್ಟವರು ಕೋರ್ಟಿಗೆ ಹೋಗುವ ಮೊದಲೇ ಮಾತಾಡಿ ಕಂತು ಗೊತ್ತು ಮಾಡಿಕೊಳ್ಳಿ.