ಹೊಂದಿಕೆ ಅಂದರೆ ಯಾವ ಹೊಂದಿಕೆ?

ಷಡ್ಜ ಮತ್ತು ಶುದ್ಧ ಮಧ್ಯಮ ಹೊಂದುತ್ತವೋ ಇಲ್ಲವೋ ಅಂತ ಒಬ್ಬ ಗೆಳೆಯನ ಜೊತೆ ಒಂದು ಸಂಜೆಯೆಲ್ಲ ವಾದ ಮಾಡಿದ್ದೆ. ಅವನು ಪಾಶ್ಚಾತ್ಯ ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ನುಡಿಸುವ ಪದ್ಧತಿ) ಕಲಿತವನು, ಹೊಂದಲ್ಲ ಅಂದ. ನಾನು ತಂತಿ ಶ್ರುತಿ ಮಾಡುವವನು, ಹೊಂದುತ್ತೆ ಅಂದೆ. ಕೊನೆಗೆ ನೋಡಿದರೆ ಇಬ್ಬರೂ ಸರಿ! ಕಾನ್ಸೊನೆನ್ಸ್ (ಹೊಂದಿಕೆ) ಅನ್ನುವ ಒಂದೇ ಪದವನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಬಳಸುತ್ತಿದ್ದೆವು.

ಮೊದಲು ಕಿವಿಯ ಹೊಂದಿಕೆ. ಫೋನಿನ ಟೋನ್ ಜನರೇಟರ್‌ನಲ್ಲಿ 200 ಹರ್ಟ್ಸ್ ಇಡಿ, ಜೊತೆಗೆ 300 ಇಡಿ. ಷಡ್ಜ, ಪಂಚಮ. ಸದ್ದು ನಿಶ್ಚಲವಾಗಿರುತ್ತದೆ. ಈಗ 300 ಅನ್ನು 301 ಮಾಡಿ. ಸದ್ದು ಸೆಕೆಂಡಿಗೆ ಎರಡು ಸಲ ಏರಿಳಿಯುತ್ತದೆ, ಈ ಏರಿಳಿತವನ್ನೇ ನಾನು ಅಲೆ ಅನ್ನುವುದು. ಒಂದು ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಕಂಪನದ ಉಪಸ್ವರಗಳೂ ಇರುತ್ತವೆ. 200ರ ಮೂರನೇ ಉಪಸ್ವರ 600, 301ರ ಎರಡನೆಯದು 602. ಆ ಎರಡರ ತಿಕ್ಕಾಟವೇ ಈ ಅಲೆ. ಒಂದು ಎಚ್ಚರಿಕೆ: ಟೋನ್ ಬಗೆಗಳಲ್ಲಿ ಸೈನ್ ಬೇಡ, ಸಾಟೂತ್ ಆರಿಸಿ. ಸೈನ್‌ನಲ್ಲಿ ಉಪಸ್ವರಗಳೇ ಇಲ್ಲ, ಅಲೆ ಕೇಳುವುದೇ ಕಷ್ಟ. ನಾನು ಇದು ಗೊತ್ತಿಲ್ಲದೆ ಸುಮ್ನೆ ಅರ್ಧ ಗಂಟೆ ಕಳೆದಿದ್ದೇನೆ. ಹೊಂದದ ಸ್ವರಗಳ ಒರಟುತನಕ್ಕೆ ಈ ತಿಕ್ಕಾಟವೇ ಕಾರಣ ಅಂತ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ವಿವರಿಸಿದ್ದ.

ಇನ್ನು ಗಾಂಧಾರ. 200ರ ಜೊತೆ 250 ಇಟ್ಟರೆ ಅನುಪಾತ 5:4, ನಯವಾಗಿರುತ್ತದೆ. ಕೀಬೋರ್ಡಿನ ಸಮ ಹಂಚಿಕೆಯಲ್ಲಿ (ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿದ್ದು) ಅದು ಸುಮಾರು 252. ಸೆಕೆಂಡಿಗೆ ಎಂಟು ಅಲೆ! ಆದರೂ ಹಾರ್ಮನಿ ಪಾಠದಲ್ಲಿ ಅದು ಕಾನ್ಸೊನೆಂಟೇ. ಅದೇ ಕೀಬೋರ್ಡಿನ ಮಧ್ಯಮ ಸುಮಾರು 267. ಸೆಕೆಂಡಿಗೆ ಸುಮಾರು ಒಂದೇ ಅಲೆ. ಆದರೆ ಬಾಸ್ (ಅತಿ ತಗ್ಗಿನ ಸ್ವರ) ಮೇಲೆ ಅದು ಬಂದರೆ, ಹಲವು ಧಾಟಿ ಹೆಣೆಯುವ ಹಳೆಯ ಕೌಂಟರ್‌ಪಾಯಿಂಟ್ ನಿಯಮ ಡಿಸೊನೆಂಟ್ (ಹೊಂದಲ್ಲ) ಅನ್ನುತ್ತದೆ, ಪಕ್ಕದ ಕೆಳಗಿನ ಸ್ವರಕ್ಕೆ ಇಳಿಸು ಅನ್ನುತ್ತದೆ. ತಮಾಷೆ ಅಲ್ವಾ? ನನ್ನ ಗೆಳೆಯ ಹೇಳುತ್ತಿದ್ದದ್ದು ಈ ಎರಡನೇ ಹೊಂದಿಕೆ. ಇಲ್ಲಿ ಕೇಳುವ ಪ್ರಶ್ನೆ ಒಂದೇ: ಸ್ವರ ಇಲ್ಲೇ ನಿಲ್ಲಬಹುದಾ, ಮುಂದೆ ಹೋಗಬೇಕಾ?

ಮೂರನೆಯದು ನಮ್ಮ ಸಂವಾದಿ. ಭರತನ ನಾಟ್ಯಶಾಸ್ತ್ರದ ಪ್ರಕಾರ 9 ಅಥವಾ 13 ಶ್ರುತಿ (ಸ್ವರಗಳ ನಡುವಿನ ಸಣ್ಣ ಅಳತೆ) ಅಂತರದ ಸ್ವರಗಳು ಸಂವಾದಿ. ಷಡ್ಜಕ್ಕೆ ಮಧ್ಯಮ 9, ಪಂಚಮ 13. ಇವು ಒಟ್ಟಿಗೆ ನುಡಿಯಲೇಬೇಕಿಲ್ಲ, ಒಂದಾದ ಮೇಲೆ ಒಂದು ಬಂದರೂ ನಂಟು ಉಳಿಯುತ್ತದೆ.

ಹಾಗಾಗಿ ಯಾರಾದರೂ 'ಇದು ಹೊಂದಲ್ಲ' ಅಂದರೆ ನಾನೀಗ ಮೊದಲು ಕೇಳುವುದು: ಅಲೆ ಕೇಳಿಸ್ತಾ, ಇಲ್ಲ ನಿಯಮ ಅಡ್ಡ ಬಂತಾ? ಅಲೆ ಅಂದರೆ ಬಿರಡೆ ತಿರುಗಿಸುತ್ತೇನೆ. ನಿಯಮ ಅಂದರೆ ಬಿರಡೆ ಮುಟ್ಟುವುದಿಲ್ಲ, ಮುಂದಿನ ಸ್ವರ ಯಾವುದು ಅಂತ ನೋಡುತ್ತೇನೆ.