ಟೊಮೆಟೊ ಬ್ರುಸ್ಕೆತ್ತಾ: ಬ್ರೆಡ್ ತೊಪ್ಪೆಯಾಗದಂತೆ ಮಾಡಿದ ನನ್ನ ಅನುಭವ

ಬ್ರುಸ್ಕೆತ್ತಾ ಅಂದರೆ ಸುಟ್ಟ ಬ್ರೆಡ್ಡಿನ ಮೇಲೆ ಹಸಿ ಟೊಮೆಟೊ ಹಾಕಿ ಕೊಡುವ ಇಟಲಿಯ ತಿನಿಸು. ಈ ಬೇಸಿಗೆಯಲ್ಲಿ ನಾನು ಕಳಿಸಿದ ಬ್ರುಸ್ಕೆತ್ತಾ ಮೇಜಿನ ಮೇಲೆ ಇಪ್ಪತ್ತು ನಿಮಿಷ ಕೂತರೂ ಕಚ್ಚಿದಾಗ ಕರುಂ ಅನ್ನುತ್ತದೆ. ಹಸಿ ಟೊಮೆಟೊ ಹಾಕಿದ ಮೇಲೆ ಅದು ಸಾಧ್ಯವೇ ಇಲ್ಲ ಅಂತ ಮೂರು ವರ್ಷ ಹೇಳಿಸಿಕೊಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ರೋಮ್ ಪಕ್ಕದ ಕಾಸ್ತೆಲ್ಲಿ ರೊಮಾನಿ ಗುಡ್ಡಗಳಲ್ಲಿರುವ ಒಂದು ಸಣ್ಣ ಒಸ್ತೆರಿಯಾದಲ್ಲಿ, ಅಂದರೆ ಸರಳ ಊಟದ ಮನೆಯಲ್ಲಿ. ಅಂಗಳದಲ್ಲಿ ಹದಿನಾಲ್ಕು ಮೇಜು. ಜುಲೈ ಬಂತೆಂದರೆ ಕೂತವರೆಲ್ಲ ಮೊದಲು ಕೇಳುವುದು ಇದನ್ನೇ. ತುಂಡಿಗೆ 3 ಯೂರೊ, ಸಂಜೆಗೆ ಸುಮಾರು 60 ತುಂಡು. ಅದರಲ್ಲಿ ಹನ್ನೆರಡು ಹದಿನೈದಾದರೂ ವಾಪಸ್ ಬರುತ್ತಿದ್ದವು, ಮೇಲಿನ ಟೊಮೆಟೊ ಖಾಲಿ, ಕೆಳಗೆ ನೆನೆದ ಬ್ರೆಡ್. ದೂರಿದವರಿಗೆ ಬಿಲ್‌ನಲ್ಲಿ ಬಿಟ್ಟ ದುಡ್ಡೇ ವಾರಕ್ಕೆ ನೂರು ಯೂರೊ ದಾಟುತ್ತಿತ್ತು. ಒಂದು ತುಂಡಿಗೆ ಬ್ರೆಡ್, ಟೊಮೆಟೊ, ಎಣ್ಣೆ ಸೇರಿ ನಮಗೆ ಬೀಳುವುದು 60 ಸೆಂಟ್ ಇರಬಹುದು. ಇಷ್ಟು ಲಾಭದ ತಿನಿಸು ಕಸದ ಬುಟ್ಟಿಗೆ ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಮೊದಲ ವರ್ಷ ಬೀಜ ಮತ್ತು ಲೋಳೆ ತೆಗೆದು ಬರೀ ತಿರುಳು ಹಾಕಿದೆ. ಬ್ರೆಡ್ ಉಳಿಯಿತು, ರುಚಿ ಹೋಯಿತು. ಟೊಮೆಟೊದ ಹುಳಿ, ರುಚಿಯ ಸಾರ ಹೆಚ್ಚಿರುವುದು ಆ ಲೋಳೆಯಲ್ಲೇ. ಎರಡನೇ ವರ್ಷ ಟೊಮೆಟೊ ತಳಿ ಬದಲಿಸಿದೆ. ಸಾನ್ ಮಾರ್ಝಾನೊ ಸಾಸ್‌ಗೆ ರಾಜ, ಹಸಿಯಾಗಿ ಸಪ್ಪೆ. ದತ್ತೆರೀನೊ ಒಂದನ್ನೇ ಹಾಕಿದರೆ ಸಿಹಿ ಜಾಸ್ತಿ, ಸಿಪ್ಪೆ ಬಾಯಿಗೆ ಸಿಗುತ್ತದೆ. ಈಗ ಎರಡು ಪಾಲು ಕುವೊರೆ ದಿ ಬುವೆ, ಒಂದು ಪಾಲು ದತ್ತೆರೀನೊ. ಯಾವುದನ್ನೂ ಫ್ರಿಜ್‌ಗೆ ಹಾಕುವುದಿಲ್ಲ, ಪರಿಮಳ ಸತ್ತುಹೋಗುತ್ತದೆ. ಬೆಳ್ಳುಳ್ಳಿ ಹೆಚ್ಚಿ ಟೊಮೆಟೊಗೆ ಬೆರೆಸಿದ್ದೂ ಆಯಿತು. ಒಂದು ಗಂಟೆಯಲ್ಲಿ ಘಾಟು ಎದ್ದು ಹತ್ತು ಕಿಲೊ ಎಸೆದೆ. ಬೆಳ್ಳುಳ್ಳಿಯ ಜಾಗ ಸುಟ್ಟ ಬ್ರೆಡ್ಡಿನ ಮೇಲೆ, ಒಂದೆರಡು ಸಲ ಉಜ್ಜಿದರೆ ಸಾಕು.

ಉಪ್ಪು ಹಾಕಿ ಸೋರಲು ಬಿಡೋಣ ಅಂದಾಗ ನಮ್ಮ ಮುಖ್ಯ ಅಡುಗೆಯವರು ಒಪ್ಪಲೇ ಇಲ್ಲ. "ರುಚಿಯೆಲ್ಲ ನೀರಿನ ಜೊತೆ ಹೋಗುತ್ತೆ" ಅಂದರು. ಅವರ ಮಾತು ಅರ್ಧ ಸರಿ. ಆದ್ದರಿಂದಲೇ ಆ ನೀರನ್ನು ನಾನು ಚೆಲ್ಲುವುದಿಲ್ಲ. ಕಿಲೊಗೆ ಹತ್ತು ಗ್ರಾಂ ಉಪ್ಪು, ತೂತಿನ ತಟ್ಟೆಯಲ್ಲಿ ಅರ್ಧ ಗಂಟೆ, ಹಿಂಡಬಾರದು. ಆರು ಕಿಲೊಗೆ ಒಂದು ಲೀಟರ್ ಹತ್ತಿರ ರಸ ಇಳಿಯುತ್ತದೆ. ಮೊದಲು ಆ ರಸವನ್ನು ಕುದಿಸಿ ಬತ್ತಿಸಿ ವಾಪಸ್ ಬೆರೆಸಿದೆ, ಸಾಸ್ ವಾಸನೆ ಬಂತು, ಬಿಟ್ಟೆ. ಈಗ ಸ್ವಲ್ಪ ಹಸಿ ರಸಕ್ಕೆ ಅದರ ಮೂರರಷ್ಟು ಆಲಿವ್ ಎಣ್ಣೆ ಹಾಕಿ ಗಟ್ಟಿಯಾಗುವಂತೆ ಕಡೆದು, ಬಡಿಸುವ ಹೊತ್ತಿಗೆ ಟೊಮೆಟೊಗೆ ಕಲಸುತ್ತೇನೆ. ಆ ಎಣ್ಣೆಯಲ್ಲಿ ಹಿಂದಿನ ರಾತ್ರಿ ಏನು ನೆನೆಹಾಕುತ್ತೇನೆ ಎಂಬುದು ನನ್ನ ಬಳಿಯೇ ಇರಲಿ. ಉಳಿದ ರಸ ನನ್ನ ಮನೆಗೆ ಬರುತ್ತದೆ. ಮೆಣಸು, ಜೀರಿಗೆ, ಒಂದು ಒಗ್ಗರಣೆ, ಅಂಥ ತಿಳಿಸಾರು ಬೇರೆ ಯಾವ ಟೊಮೆಟೊದಿಂದಲೂ ನನಗೆ ಬಂದಿಲ್ಲ.

ಆದರೆ ಟೊಮೆಟೊ ಸರಿಹೋದ ಮೇಲೂ ಬ್ರೆಡ್ ಮೆತ್ತಗಾಗುತ್ತಿತ್ತು. ತಪ್ಪು ಬ್ರೆಡ್ಡಿನಲ್ಲೇ ಇದೆ ಅಂತ ಹೊಳೆಯಲು ಇನ್ನೊಂದು ಬೇಸಿಗೆ ಬೇಕಾಯಿತು. ನಮಗೆ ಹತ್ತಿರದ ಜೆನ್ಝಾನೊ ಊರಿನ ಬ್ರೆಡ್ ಬರುತ್ತದೆ, 1997ರಲ್ಲೇ ಐಜಿಪಿ, ಅಂದರೆ ಊರಿನ ಹೆಸರನ್ನು ಕಾಯುವ ಯುರೋಪಿನ ಮನ್ನಣೆ ಪಡೆದದ್ದು, ಮೇಲೆ ತೌಡು ಅಂಟಿದ ಕಪ್ಪು ಸಿಪ್ಪೆಯದು. ಅದನ್ನು ಅಂದಿನದ್ದನ್ನೇ ಕೊಯ್ದು ಜೋರು ಕಾವಿಗೆ ಇಡುತ್ತಿದ್ದೆವು. ಹೊರಗೆ ಕರಿ ಗೆರೆ ಬೀಳುತ್ತಿತ್ತು, ಒಳಗಿನ ತೇವ ಹಾಗೇ ಇರುತ್ತಿತ್ತು. ಓವನ್‌ನಲ್ಲಿ ಒಣಗಿಸಿದರೆ ರಸ್ಕ್ ಆಗಿ ಒಸಡು ಕೀಳುತ್ತದೆ. ಈಗ ನಿನ್ನೆಯ ಬ್ರೆಡ್ ಮಾತ್ರ. ಒಂದೂವರೆ ಸೆಂಟಿಮೀಟರ್ ದಪ್ಪ ಕೊಯ್ದು ಜಾಲರಿಯ ಮೇಲೆ ಒಂದು ಗಂಟೆ ಗಾಳಿಗೆ ಬಿಡುತ್ತೇನೆ, ಆಮೇಲೆ ಸಣ್ಣ ಕಾವು, ಕೊನೆಗೆ ಒಂದು ನಿಮಿಷ ಕೆಂಡ. ರೋಮ್‌ನವರ ಆಡುಮಾತಿನಲ್ಲಿ ಬ್ರುಸ್ಕಾರೆ ಅಂದರೆ ಕೆಂಡದ ಮೇಲೆ ಸುಡುವುದು, ತಿನಿಸಿನ ಹೆಸರು ಬಂದದ್ದೇ ಅದರಿಂದ. ಇದನ್ನು ಬ್ರುಶೆಟ್ಟಾ ಅಂತ ಕರೆಯುವವರಿಗೆ ದಯವಿಟ್ಟು ಹೇಳಿ, ನಡುವೆ ಇರುವುದು ಸ್ಕ. ಇಷ್ಟಾದ ಮೇಲೆ ಬೆಳ್ಳುಳ್ಳಿ ಉಜ್ಜಿ, ಬರೀ ಎಣ್ಣೆ ಒಂದು ಸುತ್ತು ಸವರುತ್ತೇನೆ. ಆ ಎಣ್ಣೆಯ ಪದರ ನೀರನ್ನು ತಡೆಯುತ್ತದೆ. ಅದರ ಮೇಲೆ ಟೊಮೆಟೊ, ಕೈಯಲ್ಲೇ ಹರಿದ ಬೆಸಿಲ್. ಬಾಲ್ಸಾಮಿಕ್ ವಿನೆಗರ್ ಬೇಡವೇ ಬೇಡ.

ಕಳೆದ ಫೆರಗೊಸ್ತೊ ಹಬ್ಬದ ದಿನ, ಆಗಸ್ಟ್ 15ರಂದು, ನೂರಾ ಹತ್ತು ತುಂಡು ಹೋದವು. ಬ್ರೆಡ್ ವಾಪಸ್ ಬಂದದ್ದು ಮೂರೋ ನಾಲ್ಕೋ. ಮುಖ್ಯ ಅಡುಗೆಯವರು ಏನೂ ಹೇಳಲಿಲ್ಲ, ಮರುದಿನ ಬೆಳಿಗ್ಗೆ ಇನ್ನೆರಡು ತೂತಿನ ತಟ್ಟೆ ತರಿಸಿದರು.

ಇನ್ನೊಂದು ಪ್ರಯೋಗ ನಡೆದಿದೆ. ದಕ್ಷಿಣ ಇಟಲಿಯ ಪುಲ್ಯಾದವರು ಫ್ರಿಸೆಲ್ಲೆ ಎಂಬ, ಎರಡು ಸಲ ಬೇಯಿಸಿದ ಗಟ್ಟಿ ಬ್ರೆಡ್ಡನ್ನು ನೀರಲ್ಲಿ ಅದ್ದಿ ಟೊಮೆಟೊ ಹಾಕಿ ತಿನ್ನುತ್ತಾರೆ. ಅದನ್ನು ನೋಡಿದಾಗೆಲ್ಲ ನನಗೆ ವಿಜಯಪುರದ ನಮ್ಮ ಮನೆಯ ಖಡಕ್ ಜೋಳದ ರೊಟ್ಟಿ ನೆನಪಾಗುತ್ತದೆ. ಅವ್ವ ಕಳಿಸಿದ ಕಟ್ಟಿನಿಂದ ನಾಲ್ಕು ರೊಟ್ಟಿ ತೆಗೆದು, ಅದೇ ಎಣ್ಣೆ ಸವರಿ, ಅದೇ ಟೊಮೆಟೊ ಹಾಕಿದೆ. ಜೋಳಕ್ಕೆ ಬೆಸಿಲ್ ಹೊಂದಲಿಲ್ಲ, ಹಸಿ ಈರುಳ್ಳಿ ಬಹಳ ಹೊಂದಿತು. ಆದರೆ ರೊಟ್ಟಿ ತೆಳು, ಐದು ನಿಮಿಷಕ್ಕೆ ಬಾಗುತ್ತದೆ. ಸ್ವಲ್ಪ ದಪ್ಪ ಬಡಿದು ಒಣಗಿಸಿ ಕಳಿಸು ಅಂತ ಅವ್ವನಿಗೆ ಹೇಳಿದ್ದೇನೆ.